ಕಡೂರಿನ ಮತವೂ ಕಾಲಮೀರಿದ ತೀರ್ಪೂ



ತರೀಕೆರೆ ಅಜ್ಜಂಪುರಗಳವರು ಲೋಕಸಭೆಗೆ ಉಡುಪಿ-ಚಿಕ್ಕಮಗಳೂರು ಕ್ಷೇತ್ರದಲ್ಲಿ ಮತ ಕೊಡುವರು. ನೆರೆಯ ಕಡೂರಿನವರು ಹಾಸನ ಕ್ಷೇತ್ರದಲ್ಲಿ. ಜಿಲ್ಲೆಯೊಂದು, ಕ್ಷೇತ್ರವೆರಡು! ಅದು ಹಾಗಿರಲಿ. ಹಾಸನದ 2019ರ ಚುನಾವಣೆಯ ವೃತ್ತಾಂತವನ್ನು ನಾವೆಲ್ಲರೂ ಮನನ ಮಾಡತಕ್ಕದ್ದಿದೆ.

ಗೆದ್ದ ಪ್ರಜ್ವಲ್ ರೇವಣ್ಣನವರು ಪ್ರಮಾಣಪತ್ರದಲ್ಲಿ ಆಸ್ತಿಯ ವಿವರಗಳನ್ನು ಮರೆಮಾಚಿದರೆಂದು ಸೋತ ಅಭ್ಯರ್ಥಿ ಎ. ಮಂಜು ಅವರೂ ಒಬ್ಬ ಮತದಾರರೂ ಹೈಕೋರ್ಟಿನಲ್ಲಿ ತಕರಾರು ಹೂಡಿದರು. ಹೌದು, ಮತದಾರರೂ! 1951ರ ಪ್ರಜಾಪ್ರಾತಿನಿಧ್ಯ ಕಾಯಿದೆಯು ಈ ಹಕ್ಕನ್ನು ಕ್ಷೇತ್ರದ ಸಾಮಾನ್ಯ ಮತದಾರನಿಗೂ ಕೊಟ್ಟಿರುವುದೆಂಬುದನ್ನು ನಮ್ಮಲ್ಲಿ ಎಷ್ಟು ಮಂದಿ ಬಲ್ಲೆವು? ಆದರೆ ಅರ್ಜಿಯು 45 ದಿನಗಳೊಳಗೆ ಬೀಳಬೇಕು. ತಡವಾದರೆ ಬಾಗಿಲು ಮುಚ್ಚಿತು.

ಮತದಾರನಿಗೆ ಇಷ್ಟು ಬಿಗಿಯಾದ ಕಾಯಿದೆಯು ವಿಚಾರಣೆಯ ವಿಷಯದಲ್ಲಿ ಮಾತ್ರ, 6 ತಿಂಗಳಲ್ಲಿ ಮುಗಿಸಲು 'ಯತ್ನಿಸತಕ್ಕದ್ದು' ಎಂದು ಮೆತ್ತಗಾಗುವುದು. ಪರಿಣಾಮವೇನು? ಆಯ್ಕೆಯು ಅಸಿಂಧುವೆಂಬ ತೀರ್ಪು ಬಂದುದು 2023ರ ಸೆಪ್ಟೆಂಬರ್ 1ರಂದು. ಅದೇ ತಿಂಗಳು ಸುಪ್ರೀಂ ಕೋರ್ಟು ತಡೆಯಾಜ್ಞೆ ಕೊಟ್ಟಿತು. 2024ರಲ್ಲಿ ಆ ಲೋಕಸಭೆಯ ಅವಧಿಯೇ ತೀರಿತು. ಇದು ಹೊಸತೂ ಅಲ್ಲ: ಇಂದಿರಾ ಗಾಂಧಿಯವರ 1971ರ ರಾಯ್‌ಬರೇಲಿ ಆಯ್ಕೆಯ ಮೇಲಣ ತಕರಾರಿಗೂ ಅಲಹಾಬಾದಿನಲ್ಲಿ ತೀರ್ಪಾದುದು 1975ರಲ್ಲಿ.

'ಯತ್ನಿಸತಕ್ಕದ್ದು' ಎಂಬುದನ್ನು ಹೊಡೆದುಹಾಕಿ 'ಮುಗಿಸತಕ್ಕದ್ದು' ಎಂದು ಬರೆಯಿಸಿರೆಂದು ನಮ್ಮ ಎರಡು ಕ್ಷೇತ್ರಗಳ ಸದಸ್ಯರನ್ನೂ ಕೇಳುವೆವು.