ಭೂ ಪರಿವರ್ತನೆಗೆ ಸ್ಥಳದ ನಕ್ಷೆ: ರೈತರು ಗಮನಿಸಬೇಕಾದ ಅಂಶಗಳು
(ರೈತ ತರಬೇತಿ ಶಿಬಿರವೊಂದರಲ್ಲಿ ಮಾಡಿದ ಭಾಷಣ)



ಬೆಳಗಿನಿಂದ ಬೀಜ, ಗೊಬ್ಬರ, ಕೀಟ ಹತೋಟಿಗಳ ವಿಚಾರ ಕೇಳಿದ್ದೀರಿ. ನಾನು ಹೇಳಹೊರಟಿರುವುದು ಒಂದು ಹಾಳೆ ಕಾಗದದ ವಿಷಯ. ಜಮೀನಿನಲ್ಲಿ ಅಂಗಡಿ, ಮಳಿಗೆ ಅಥವಾ ಮನೆ ಕಟ್ಟಲು ಅರ್ಜಿ ಹಾಕುವಾಗ ಜೊತೆಯಲ್ಲಿ ಇಡುವ ಸ್ಥಳದ ನಕ್ಷೆಯೇ ಆ ಕಾಗದ. ಅರ್ಜಿಯ ಒಕ್ಕಣೆ ಎಷ್ಟೇ ಚೆನ್ನಾಗಿರಲಿ, ನಕ್ಷೆ ತಪ್ಪಿದರೆ ಕೆಲಸ ಕೆಡುತ್ತದೆ.

ಅನುಮತಿ ಯಾರಿಂದ?

ಸಾಗುವಳಿ ಜಮೀನನ್ನು ಬೇರೆ ಕೆಲಸಕ್ಕೆ ಉಪಯೋಗಿಸಬೇಕಾದರೆ ಕರ್ನಾಟಕ ಭೂ ಕಂದಾಯ ಕಾಯ್ದೆ, 1964ರ 95ನೇ ಕಲಮಿನಂತೆ ಜಿಲ್ಲಾಧಿಕಾರಿಗಳ ಅನುಮತಿ ಪಡೆಯಬೇಕು. ಇದನ್ನೇ ನಾವು ಭೂ ಪರಿವರ್ತನೆ ಎನ್ನುತ್ತೇವೆ. ಬೇಸಾಯಕ್ಕೆ ಬೇಕಾದ ಬಾವಿ ತೋಡಲು, ದನದ ಕೊಟ್ಟಿಗೆ ಕಟ್ಟಲು ಇದು ಬೇಕಾಗಿಲ್ಲ. ಜಮೀನು ಪಟ್ಟಣದ ಯೋಜನಾ ಪ್ರದೇಶದೊಳಗೆ ಬಂದಿದ್ದರೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯೂ ಅನ್ವಯಿಸುತ್ತದೆ. ಹಳ್ಳಿಯಲ್ಲಿ ಕಟ್ಟಡ ಕಟ್ಟಲು ಗ್ರಾಮ ಪಂಚಾಯತಿಯ ಪರವಾನಗಿ ಪ್ರತ್ಯೇಕವಾಗಿ ಬೇಕು. ನಿಯಮಗಳು ಆಗಾಗ ತಿದ್ದುಪಡಿಯಾಗುವುದರಿಂದ ಅರ್ಜಿಗೆ ಮುನ್ನ ತಾಲ್ಲೂಕು ಕಛೇರಿಯಲ್ಲಿ ವಿಚಾರಿಸಿ.

ಒಂದು ಗೆರೆ ಬಿಟ್ಟಿದ್ದರ ಫಲ

ನಾನು ಕಂಡ ಒಂದು ಪ್ರಸಂಗ ಹೇಳುತ್ತೇನೆ. ರೈತರೊಬ್ಬರು ರಸ್ತೆ ಬದಿಯ ತಮ್ಮ 20 ಗುಂಟೆಯಲ್ಲಿ ಗೊಬ್ಬರದ ಮಳಿಗೆ ಕಟ್ಟಲು ಹೊರಟರು. ಉತ್ತರದ ಬದುವಿನ ಪಕ್ಕದಲ್ಲಿ ಹಿಂದಿನ ಹೊಲದವರ ಬಂಡಿದಾರಿ ಇತ್ತು. 10 ಅಡಿ ಅಗಲ, 220 ಅಡಿ ಉದ್ದ. ಲೆಕ್ಕ ಹಾಕಿದರೆ ಸುಮಾರು 2 ಗುಂಟೆ. ಅದನ್ನು ತೋರಿಸಿದರೆ ಜಾಗ ಕಡಿಮೆಯಾಗುತ್ತದೆಂದು ನಕ್ಷೆಯಲ್ಲಿ ಬಿಟ್ಟರು. ಗೋಡೆ ಎದೆಮಟ್ಟ ಏರಿತು. ಅಷ್ಟರಲ್ಲಿ ಸುಗ್ಗಿ ಬಂತು. ರಾಗಿ ತೆನೆ ಹೇರಿದ ಗಾಡಿ ಗೋಡೆಯ ಮುಂದೆ ನಿಂತಿತು. ತಕರಾರು, ಸ್ಥಳ ತನಿಖೆ, ಓಡಾಟ ಎಲ್ಲ ಆಗಿ, ಕೊನೆಗೆ ಅವರೇ ಆ ಗೋಡೆ ಕೆಡವಿ ಹಿಂದಕ್ಕೆ ಸರಿಸಿ ಕಟ್ಟಿದರು. ಎರಡು ಮನೆಯವರ ಮಾತುಕತೆ ಮಾತ್ರ ಮೊದಲಿನಂತೆ ಆಗಲಿಲ್ಲ. ಕಾಗದದ ಮೇಲೆ ಬರೆಯದ ಮಾತ್ರಕ್ಕೆ ನೆಲದ ಮೇಲಿನ ದಾರಿ ಇಲ್ಲವಾಗುವುದಿಲ್ಲ.

ಮೊದಲು ದಾಖಲೆ, ಆಮೇಲೆ ಅಳತೆ

ಹೊಲಕ್ಕೆ ಹೋಗುವ ಮುನ್ನ ಪಹಣಿ, ಆಕಾರಬಂದು, ಸರ್ವೆ ಟಿಪ್ಪಣಿ ಮತ್ತು ಗ್ರಾಮ ನಕ್ಷೆಗಳ ನಕಲು ತೆಗೆದುಕೊಳ್ಳಿ. ಸರ್ವೆ ನಂಬರು, ಹಿಸ್ಸಾ, ವಿಸ್ತೀರ್ಣ, ಖರಾಬು ಎಲ್ಲದರಲ್ಲೂ ಒಂದೇ ಆಗಿದೆಯೇ ನೋಡಿ. ‘ಅ’ ಖರಾಬು ಸಾಗುವಳಿಗೆ ಯೋಗ್ಯವಲ್ಲದ ನೆಲ. ‘ಬ’ ಖರಾಬು ದಾರಿ, ಹಳ್ಳ ಮುಂತಾದ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟದ್ದು. ಅದರಲ್ಲಿ ಕಟ್ಟಡ ತೋರಿಸಬಾರದು. ಸರ್ವೆ ನಂಬರಿನ ಒಂದು ಭಾಗವನ್ನು ಮಾತ್ರ ಪರಿವರ್ತಿಸುವುದಾದರೆ ಆ ಭಾಗದ 11ಇ ನಕ್ಷೆ ಬೇಕಾಗುತ್ತದೆ.

ಇನ್ನು ಅಳತೆ. ನಾಲ್ಕು ಮೂಲೆಯ ಹೊಲದ ನಾಲ್ಕು ಬದಿ ಅಳೆದರೆ ಸಾಲದು, ಕರ್ಣವನ್ನೂ ಅಳೆಯಬೇಕು. ಮೇಲೆ ಹೇಳಿದ ಜಮೀನಿನಲ್ಲಿ ಮೂಲೆಯಿಂದ ಎದುರು ಮೂಲೆಗೆ 250 ಅಡಿ. ಉಳಿದೆರಡು ಮೂಲೆಗಳಿಂದ ಈ ಕರ್ಣಕ್ಕೆ ನೇರ ಲಂಬವಾಗಿ ಅಳೆದಾಗ 80 ಅಡಿ ಮತ್ತು 96 ಅಡಿ. ಎರಡನ್ನೂ ಕೂಡಿದರೆ 176. ಅದನ್ನು 250ರಿಂದ ಗುಣಿಸಿ ಅರ್ಧ ಮಾಡಿದರೆ 22,000 ಚದರ ಅಡಿ. ಒಂದು ಗುಂಟೆಗೆ 1,089 ಚದರ ಅಡಿಯಂತೆ ಭಾಗಿಸಿದರೆ 20 ಗುಂಟೆ 3 ಆಣೆ. ಪಹಣಿಯಲ್ಲಿ 20 ಗುಂಟೆ ಇದೆ. ಇಷ್ಟು ವ್ಯತ್ಯಾಸ ನಮ್ಮ ಅಳತೆಯಲ್ಲೇ ಬರಬಹುದು. ಒಂದೆರಡು ಗುಂಟೆ ಹೆಚ್ಚು ಕಡಿಮೆ ಬಂದರೆ ಬಾಂದುಕಲ್ಲು ಸರಿದಿದೆಯೋ, ಒತ್ತುವರಿಯಾಗಿದೆಯೋ ನೋಡಬೇಕು. ಅಂಥಲ್ಲಿ ಮೊದಲು ಹದ್ದುಬಸ್ತಿಗೆ ಅರ್ಜಿ ಕೊಡಿ, ನಕ್ಷೆ ಆಮೇಲೆ.

ಲಂಬ ಹಿಡಿಯಲು ಹಗ್ಗದಲ್ಲಿ 9, 12, 15 ಅಡಿಯ ಮುಕ್ಕೋನ ಮಾಡಿ. 9 ಮತ್ತು 12 ಅಡಿಯ ಬದಿಗಳು ಸೇರುವ ಮೂಲೆ ಸರಿಯಾದ ಲಂಬ ಕೋನ. ಉದ್ದ ಅಳೆಯಲು ಮಾತ್ರ ಹಗ್ಗ ಬೇಡ, ಅದು ಎಳೆದರೆ ಹಿಗ್ಗುತ್ತದೆ. ಉಕ್ಕಿನ ಟೇಪು ಅಥವಾ ಸರಪಳಿ ಉಪಯೋಗಿಸಿ.

ನಕ್ಷೆ ಬರೆಯುವ ಕ್ರಮ

1:500 ಪ್ರಮಾಣ ಅನುಕೂಲ. ಕಾಗದದ 1 ಸೆಂ.ಮೀ. ಎಂದರೆ ನೆಲದ 5 ಮೀಟರು. ನಮ್ಮ 250 ಅಡಿಯ ಕರ್ಣ 76.2 ಮೀಟರು, ಕಾಗದದಲ್ಲಿ ಸುಮಾರು 15.2 ಸೆಂ.ಮೀ. ಆಗುತ್ತದೆ. ಉತ್ತರ ದಿಕ್ಕಿನ ಬಾಣ ಹಾಕಿ. ದಿಕ್ಸೂಚಿ ಇಲ್ಲದಿದ್ದರೆ ಚಳಿಗಾಲದಲ್ಲಿ ಒಂದು ಕೋಲು ನೆಟ್ಟಗೆ ನೆಟ್ಟು, ನಡುಹಗಲಿನ ಅತಿ ಗಿಡ್ಡ ನೆರಳನ್ನು ಗುರುತಿಸಿ. ಅದರ ತುದಿ ಉತ್ತರಕ್ಕಿರುತ್ತದೆ. ನಂತರ ಈ ವಿವರಗಳನ್ನು ತುಂಬಿ:

1. ನಾಲ್ಕೂ ಕಡೆಯ ಚೆಕ್ಕುಬಂದಿ, ಪಕ್ಕದ ಸರ್ವೆ ನಂಬರುಗಳ ಸಹಿತ, ಪ್ರತಿ ಬದಿಯ ಉದ್ದ, ಬಾಂದುಕಲ್ಲುಗಳು.
2. ಮುಂದಿನ ರಸ್ತೆ, ಅದರ ಅಗಲ, ಜಮೀನಿಗೆ ಪ್ರವೇಶಿಸುವ ಜಾಗ.
3. ಬಂಡಿದಾರಿ, ಕಾಲುದಾರಿ, ಹಳ್ಳ, ನಾಲೆ, ಖರಾಬು.
4. ಬಾವಿ, ಕೊಳವೆಬಾವಿ, ವಿದ್ಯುತ್ ಕಂಬ, ಮೇಲೆ ಹಾದ ತಂತಿ, ದೊಡ್ಡ ಮರಗಳು.
5. ಇಳಿಜಾರಿನ ದಿಕ್ಕು, ಮಳೆ ನೀರು ಬರುವ ಮತ್ತು ಹೋಗುವ ಕಡೆ.
6. ಕಟ್ಟಡದ ಉದ್ದ, ಅಗಲ, ಪ್ರತಿ ಗಡಿಯಿಂದ ಅದಕ್ಕಿರುವ ದೂರ; ಬಚ್ಚಲು ಗುಂಡಿ ಮತ್ತು ಬಾವಿಗೆ ನಡುವಣ ದೂರ.

ಈಗ ಇರುವುದನ್ನು ಕಪ್ಪು ಗೆರೆಯಲ್ಲಿ, ಮುಂದೆ ಕಟ್ಟುವುದನ್ನು ಕೆಂಪು ಗೆರೆಯಲ್ಲಿ ತೋರಿಸಿದರೆ ಗೊಂದಲವಿಲ್ಲ. ಐದನೆಯ ಅಂಶವನ್ನು ಬಹಳ ಜನ ಮರೆಯುತ್ತಾರೆ. ಮೇಲಿನ ಹೊಲದ ನೀರಿಗೆ ನಮ್ಮ ಗೋಡೆ ಅಡ್ಡ ಬಂದರೆ ಅದು ಬದು ಒಡೆದು ಪಕ್ಕದವರ ಬೆಳೆಗೆ ನುಗ್ಗುತ್ತದೆ.

ಕೆಲವು ಎಚ್ಚರಿಕೆಗಳು

ನೀವು ಬರೆದ ನಕ್ಷೆ ಅಧಿಕೃತ ಸರ್ವೆಗೆ ಬದಲಿಯಲ್ಲ. 11ಇ ನಕ್ಷೆಯನ್ನು ಸರ್ಕಾರಿ ಇಲ್ಲವೇ ಪರವಾನಗಿ ಪಡೆದ ಭೂಮಾಪಕರೇ ಮಾಡಬೇಕು. ಆದರೆ ನಿಮ್ಮ ಕೈಯಲ್ಲಿ ಅಳತೆ ಇದ್ದರೆ ಅವರು ಬಂದಾಗ ಏನು ಕೇಳಬೇಕೆಂಬುದು ಗೊತ್ತಿರುತ್ತದೆ. ಮೊಬೈಲಿನ ‘ದಿಶಾಂಕ್’ ಆ್ಯಪ್ ನೀವು ನಿಂತ ನೆಲದ ಸರ್ವೆ ನಂಬರು ತಿಳಿಯಲು ಉಪಯುಕ್ತ. ಅದನ್ನು ನಂಬಿ ಗಡಿ ತೀರ್ಮಾನಿಸಿ ಬೇಲಿ ಹಾಕಬೇಡಿ.

ಅಳೆಯುವ ದಿನ ಅಕ್ಕಪಕ್ಕದ ಹೊಲದವರನ್ನೂ ಕರೆಯಿರಿ. ನಕ್ಷೆ ಮುಗಿದ ಮೇಲೆ ಅದನ್ನು ಹಿಡಿದು ಅವರೊಡನೆ ಜಮೀನಿನ ಸುತ್ತ ಒಮ್ಮೆ ನಡೆಯಿರಿ. ನೆಲದಲ್ಲಿ ಕಂಡದ್ದು ಕಾಗದದಲ್ಲಿ ಇಲ್ಲದಿದ್ದರೆ ಅಲ್ಲೇ ಸೇರಿಸಿ. ತಕರಾರು ಬರುವುದಾದರೆ ಪಾಯ ತೋಡುವ ಮುನ್ನವೇ ಬರಲಿ. ಆಗ ಅದು ಪೆನ್ಸಿಲಿನಿಂದ ತಿದ್ದುವಷ್ಟು ಸುಲಭ; ಗೋಡೆ ಎದ್ದ ಮೇಲೆ ಹಾರೆ ಗುದ್ದಲಿಯೇ ಬೇಕು.