ಕಾಗದ ನಮ್ಮ ಕೈಯಲ್ಲೇ ಇದೆ
(ಗುಂಡ್ಲುಪೇಟೆ ರಾಜ್ಯೋತ್ಸವ ಸಭೆಯಲ್ಲಿ ಆಡಿದ ಮಾತು)



1945ರಲ್ಲಿ ಮ್ಯಾಂಚೆಸ್ಟರಿನಲ್ಲಿ ಆಫ್ರಿಕಾ ಮೂಲದವರ ಐದನೇ ಮಹಾಸಭೆ ಸೇರಿತು. ಡುಬಾಯ್ಸ್, ಎನ್‌ಕ್ರುಮಾ, ಕೆನ್ಯಾಟಾ ಅಲ್ಲಿದ್ದರು. 1957ರ ಮಾರ್ಚ್‌ನಲ್ಲಿ ಎನ್‌ಕ್ರುಮಾ ಅವರ ಘಾನಾ ಸ್ವತಂತ್ರವಾಯಿತು. ಅದಕ್ಕೆ ನಾಲ್ಕು ತಿಂಗಳ ಮುಂಚೆ, 1956ರ ನವೆಂಬರ್ 1ರಂದು, ಹರಿದು ಹಂಚಿಹೋಗಿದ್ದ ನಾವೂ ಒಂದಾದೆವು. ಮದರಾಸಿಗೆ ಸೇರಿದ್ದ ಕೊಳ್ಳೇಗಾಲ ನಮಗೆ ಬಂತು. ತಾಳವಾಡಿ ಅಲ್ಲೇ ಉಳಿಯಿತು.

ನಾಡು ಒಂದಾದರೆ ಸಾಕೆ? ಗಿಕುಯು ಭಾಷೆಯಲ್ಲಿ ನಾಟಕ ಬರೆದು ಆಡಿಸಿದ ಗೂಗಿ ವಾ ಥಿಯಾಂಗೊ ಅವರನ್ನು 1977ರಲ್ಲಿ ಜೈಲಿಗೆ ಹಾಕಿದ್ದು ಅದೇ ಕೆನ್ಯಾಟಾ ಸರ್ಕಾರ! ಗೂಗಿ ಬಗ್ಗಲಿಲ್ಲ. ಜೈಲಿನ ಟಾಯ್ಲೆಟ್ ಪೇಪರಿನ ಮೇಲೇ ತಾಯ್ನುಡಿಯಲ್ಲಿ ಕಾದಂಬರಿ ಬರೆದರು.

ನಮಗೆ ಕಾಗದವಿದೆ, ಪ್ರೆಸ್ಸಿದೆ. ಆದರೂ ಚಾಮರಾಜನಗರ, ಗುಂಡ್ಲುಪೇಟೆಯಿಂದ ನನ್ನ ಪ್ರೆಸ್ಸಿಗೆ ಬರುವ ಲಗ್ನಪತ್ರಿಕೆ ಇಂಗ್ಲಿಷಿನಲ್ಲಿ! ಮನೆಯ ಅಜ್ಜಿಯೇ ಓದಲಾರಳು. ಮುಂದಿನದನ್ನು ಕನ್ನಡದಲ್ಲಿ ಬರೆದು ತನ್ನಿ. ಕರಡು ತಿದ್ದುವ ಕೆಲಸ ನನ್ನದು.