ಎಲ್ಲಿ ಹಾಕ್ತೀಯಪ್ಪಾ ಇದನ್ನ?



2022ರ ಆಗಸ್ಟ್ 28 ನೆನಪಿದೆಯಾ? ಭಾನುವಾರ. ಮಧ್ಯಾಹ್ನ ಎರಡೂವರೆ. ಇಡೀ ದೇಶ ಊಟ ಮುಗಿಸಿ ಟಿವಿ ಮುಂದೆ ಕೂತು ನೋಯ್ಡಾದ ಅವಳಿ ಗೋಪುರ ಬೀಳೋದನ್ನ ನೋಡ್ತು. ಸ್ಕ್ರೀನಿನ ಮೂಲೆಯಲ್ಲಿ ಕೌಂಟ್‌ಡೌನ್. ಕುತುಬ್ ಮಿನಾರ್‌ಗಿಂತ ಎತ್ತರದ ಕಟ್ಟಡಗಳು, ಸುಮಾರು 3,700 ಕೆಜಿ ಸ್ಫೋಟಕ. ಕಣ್ಣು ಮುಚ್ಚಿ ತೆಗೆಯೋದ್ರಲ್ಲಿ ಎರಡೂ ಕುಸಿದು ಕೂತ್ವು. ನಾವೂ ತೋರಿಸಿದ್ವಿ. ಎಡದಿಂದ, ಬಲದಿಂದ, ಸ್ಲೋ ಮೋಷನ್ನಲ್ಲಿ, ರಾತ್ರಿ ಬುಲೆಟಿನ್‌ವರೆಗೂ ತೋರಿಸಿದ್ವಿ.

ಧೂಳು ಇಳೀತು. ಕ್ಯಾಮೆರಾಗಳು ಪ್ಯಾಕ್ ಆದವು. ಅಲ್ಲಿ ಉಳಿದಿದ್ದು ಸುಮಾರು 80 ಸಾವಿರ ಟನ್ ಅವಶೇಷ. ಅದರಲ್ಲಿ ಒಂದಷ್ಟು ಅಲ್ಲಿನ ಬೇಸ್‌ಮೆಂಟ್ ತುಂಬೋಕೆ, ಕಂಬಿ ಗುಜರಿಗೆ, ಇನ್ನೊಂದಷ್ಟು ನೋಯ್ಡಾದಲ್ಲೇ ಇರುವ ಸಂಸ್ಕರಣಾ ಘಟಕಕ್ಕೆ ಅಂತ ಯೋಜನೆ ಆಗಿತ್ತು. ದೇಶದ ಕಣ್ಣು ಅದರ ಮೇಲಿತ್ತು ನೋಡಿ, ಹಾಗಾಗಿ ಎಲ್ಲಿಗೆ ಹೋಗುತ್ತೆ ಅನ್ನೋ ಪ್ರಶ್ನೆಗೆ ಯಾರಾದರೂ ಉತ್ತರ ಕೊಡಲೇಬೇಕಿತ್ತು.

ನಿಮ್ಮ ಪಕ್ಕದ ಸೈಟಿನಲ್ಲಿ ಬಿದ್ದ ಮನೆಗೆ ಆ ಉತ್ತರ ಕೊಡೋರು ಯಾರು?

ನಾನೇನೂ ಇದರಲ್ಲಿ ಸಾಚಾ ಅಲ್ಲ, ಮೊದಲೇ ಹೇಳಿಬಿಡ್ತೀನಿ. ಕೆಲವು ವರ್ಷಗಳ ಹಿಂದೆ ನಮ್ಮ ತಂದೆಯವರು ಕಟ್ಟಿಸಿದ್ದ ಮನೆ ಕೆಡವಿಸಿದ್ವಿ. ಬೆಂಗಳೂರಿನ 30-40 ಸೈಟು. ಕೆಳಗೊಂದು ಮನೆ, ಮೇಲೊಂದು ಮನೆ. ಜೆಸಿಬಿ ಬಂತು, ಬಾಗಿಲು-ಕಿಟಕಿ, ಕಂಬಿ ಎಲ್ಲಾ ಗುತ್ತಿಗೆದಾರನೇ ತಗೊಂಡ, ಉಳಿದಿದ್ದನ್ನ ಸಾಗಿಸೋಕೆ ರಾತ್ರಿ ಹೊತ್ತು ಟ್ರ್ಯಾಕ್ಟರ್ ಬರ್ತಿತ್ತು. ಅಪ್ಪ ಶಾಲು ಹೊದ್ದು ಗೇಟಿನ ಹತ್ರ ನಿಂತಿದ್ರು. ಅವರು ಡ್ರೈವರನ್ನ ಕೇಳಿದ್ದು ಒಂದೇ ಮಾತು: "ಎಲ್ಲಿ ಹಾಕ್ತೀಯಪ್ಪಾ ಇದನ್ನ?"

"ಎಲ್ಲಿ ತಗ್ಗಿರುತ್ತೋ ಅಲ್ಲಿ, ಯಜಮಾನ್ರೇ" ಅಂದ ಅವನು.

ಅಪ್ಪ ಇನ್ನೇನೋ ಕೇಳೋಕೆ ಹೋದ್ರು. ನಾನೇ ತಡೆದೆ. "ಬಿಡಿ ಅಪ್ಪಾ, ಅದು ಅವರ ತಲೆನೋವು" ಅಂದೆ. ದಿನಾ ರಾತ್ರಿ ಇಲ್ಲಿ ಕೂತು ಮಂತ್ರಿಗಳನ್ನ ಪ್ರಶ್ನೆ ಕೇಳೋ ನಾನು, ನನ್ನ ಮನೆ ಮುಂದೆ ಎಪ್ಪತ್ತು ದಾಟಿದ ಮನುಷ್ಯ ಸರಿಯಾದ ಪ್ರಶ್ನೆ ಕೇಳಿದಾಗ ಬಾಯಿ ಮುಚ್ಚಿಸಿದೆ.

ತಗ್ಗು ಅಂದ್ರೆ ಏನು ಸ್ವಾಮಿ? ನೀರು ಹರಿದು ಹೋಗೋ ಜಾಗ. ಅಥವಾ ನೀರು ಬಂದು ನಿಲ್ಲೋ ಜಾಗ. ರಾಜಕಾಲುವೆ, ಕೆರೆ ಅಂಗಳ, ಕೆರೆ ಕೋಡಿ ಕೆಳಗಿನ ಗದ್ದೆ. ಬೆಂಗಳೂರು ಕಟ್ಟಿದವರು ಒಂದು ಕೆರೆ ತುಂಬಿದರೆ ಮುಂದಿನ ಕೆರೆಗೆ ನೀರು ಇಳಿಯೋ ಹಾಗೆ ಸರಪಳಿ ಮಾಡಿದ್ರು. ನಾವು ಆ ಸರಪಳಿಯ ಕೊಂಡಿಗೆ ಟ್ರ್ಯಾಕ್ಟರ್‌ಗಟ್ಟಲೆ ಇಟ್ಟಿಗೆ ಚೂರು ಸುರೀತಾ ಬಂದ್ವಿ. ನೋಯ್ಡಾ ಗೋಪುರ ಬಿದ್ದು ಸರಿಯಾಗಿ ಒಂದು ವಾರ, ಸೆಪ್ಟೆಂಬರ್ ಮೊದಲ ವಾರದಲ್ಲಿ, ಇದೇ ಬೆಂಗಳೂರಿನ ಔಟರ್ ರಿಂಗ್ ರೋಡ್ ಸುತ್ತಮುತ್ತ ಬೋಟು ಓಡಿದ್ವು. ಕೋಟಿಗಟ್ಟಲೆ ಬೆಲೆ ಬಾಳೋ ವಿಲ್ಲಾಗಳಿಂದ ಜನರನ್ನ ಟ್ರ್ಯಾಕ್ಟರ್‌ನಲ್ಲಿ ಹೊರಗೆ ತಂದ್ರು. ಮಳೆ ಜಾಸ್ತಿ ಇತ್ತು, ಒತ್ತುವರಿ ಇತ್ತು, ಎಲ್ಲಾ ನಿಜ. ಎಲ್ಲವನ್ನೂ ಈ ಡೆಬ್ರಿ ತಲೆಗೆ ಕಟ್ಟೋಕೆ ನಾನು ಹೋಗಲ್ಲ. ಆದರೆ ನೀರಿನ ದಾರಿ ಕಿರಿದಾಗಿದ್ದರಲ್ಲಿ ಅದಕ್ಕೂ ಪಾಲಿದೆ. ಆ ದಿನ ಅಪ್ಪ ಟಿವಿ ನೋಡ್ತಾ ಫೋನ್ ಮಾಡಿ, "ನಮ್ಮ ಮನೆಯೂ ಅದರಲ್ಲೇ ಎಲ್ಲೋ ಇರಬೇಕು ಅಲ್ವೇನೋ" ಅಂದ್ರು. ನನ್ನ ಹತ್ರ ಉತ್ತರ ಇರಲಿಲ್ಲ.

ಒಂದು ಸಣ್ಣ ಲೆಕ್ಕ ಹಾಕೋಣ. ಕೇಂದ್ರ ಸರ್ಕಾರದ ಟೈಫ್ಯಾಕ್ ಸಂಸ್ಥೆ ಹಿಂದೆಯೇ ಒಂದು ಅಂದಾಜು ಕೊಟ್ಟಿದೆ. ಪಕ್ಕಾ ಕಟ್ಟಡ ಕೆಡವಿದರೆ ಪ್ರತಿ ಚದರ ಮೀಟರಿಗೆ ಸುಮಾರು 500 ಕೆಜಿ ಅವಶೇಷ. ಹೊಸದಾಗಿ ಕಟ್ಟುವಾಗ 40ರಿಂದ 60 ಕೆಜಿ. ನಮ್ಮ ಮನೆ ಎರಡೂ ಮಹಡಿ ಸೇರಿ 1,600 ಚದರ ಅಡಿ, ಅಂದ್ರೆ ಸುಮಾರು 150 ಚದರ ಮೀಟರ್. ಗುಣಿಸಿ ನೋಡಿ. 75 ಟನ್! ಟ್ರ್ಯಾಕ್ಟರಿಗೆ ಮೂರು ಟನ್ ಅಂತ ಹಿಡಿದರೂ 25 ಲೋಡು. ಒಂದು ಸಣ್ಣ ಮನೆಗೆ. ನಿಮ್ಮ ಬಡಾವಣೆಯಲ್ಲಿ ಈ ವರ್ಷ ಎಷ್ಟು ಮನೆ ಬಿತ್ತು, ನೀವೇ ಎಣಿಸಿಕೊಳ್ಳಿ.

ಕಾನೂನು ಇಲ್ವಾ? ಇದೆ. 2016ರಲ್ಲೇ ಕಟ್ಟಡ ತ್ಯಾಜ್ಯಕ್ಕೆ ಅಂತ ಪ್ರತ್ಯೇಕ ನಿಯಮ ಬಂತು. ದಿನಕ್ಕೆ 20 ಟನ್ ಅಥವಾ ಒಂದು ಯೋಜನೆಯಿಂದ ತಿಂಗಳಿಗೆ 300 ಟನ್ ಮೀರಿದರೆ ಕಾಂಕ್ರೀಟು, ಮಣ್ಣು, ಇಟ್ಟಿಗೆ-ಗಾರೆ, ಕಬ್ಬಿಣ-ಮರ-ಪ್ಲಾಸ್ಟಿಕ್ ಅಂತ ಬೇರೆ ಮಾಡಬೇಕಿತ್ತು, ಕೆಲಸ ಶುರು ಮಾಡೋಕೆ ಮುಂಚೆ ಪಾಲಿಕೆಗೆ ಯೋಜನೆ ಕೊಟ್ಟು ಒಪ್ಪಿಗೆ ತಗೋಬೇಕಿತ್ತು. 2025ರಲ್ಲಿ ಹೊಸ ನಿಯಮ ಬಂತು, ಜಾರಿ ದಿನಾಂಕ 2026ರ ಏಪ್ರಿಲ್ 1. ಅದರ ಕಣ್ಣು ಮುಖ್ಯವಾಗಿ 20,000 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ಯೋಜನೆಗಳ ಮೇಲೆ. ಅಂದ್ರೆ ಎರಡು ಲಕ್ಷ ಚದರ ಅಡಿ ಮೇಲೆ. ದೊಡ್ಡವರನ್ನ ಹಿಡೀಲಿ, ಬೇಡ ಅನ್ನಲ್ಲ. ನಮ್ಮ 75 ಟನ್ನಿನ ಮನೆ ತಿಂಗಳ ಲೆಕ್ಕದ ಬಲೆಯಲ್ಲೂ ಸಿಗ್ತಿರಲಿಲ್ಲ. ಹಾಗಂತ ಸಣ್ಣವರಿಗೆ ರಸ್ತೆ, ಮೋರಿಗೆ ಸುರಿಯೋ ಪರವಾನಗಿ ಕೊಟ್ಟಿಲ್ಲ. ಯಾರೇ ಆಗಲಿ ತಮ್ಮ ಜಾಗದಲ್ಲೇ ಇಟ್ಟುಕೊಂಡು ಸರಿಯಾದ ಜಾಗಕ್ಕೆ ತಲುಪಿಸಬೇಕು ಅಂತ 2016ರ ನಿಯಮವೇ ಹೇಳಿತ್ತು. ಪಾಲಿಸಿದವರನ್ನ ನಾನು ನೋಡಿದ್ದು ಕಡಿಮೆ. ನನ್ನನ್ನೂ ಸೇರಿಸಿ.

ಇನ್ನು ಕಟ್ಟೋ ಜಾಗಕ್ಕೆ ಬನ್ನಿ. ಹೊಸ ಮನೆ ಏಳುವಾಗ ದಿನಾ ಹೋಗಿ ನಿಲ್ತಿದ್ದೆ, ಅಲ್ಲಿ ಕಲಿತದ್ದು ಬಹಳ. ಕಸ ಆಗೋದು ಕೂಲಿಯವನ ಕೈಯಲ್ಲಿ ಅಂತ ನಾವು ಅಂದ್ಕೊಂಡಿರ್ತೀವಿ. ಇಲ್ಲ. ಬಹುಪಾಲು ಮಾಲೀಕನ ಬಾಯಲ್ಲೇ ಹುಟ್ಟುತ್ತೆ. ಗೋಡೆ ಎದ್ದು ಪ್ಲಾಸ್ಟರಿಂಗ್ ಮುಗಿದ ಮೇಲೆ ಯಾರೋ ನೆಂಟರು ಬಂದು "ಅಡುಗೆ ಮನೆ ಬಾಗಿಲು ಈ ಕಡೆ ಇದ್ರೆ ವಾಸ್ತು ಸರಿ ಹೋಗ್ತಿತ್ತು" ಅಂತಾರೆ. ಒಡಿ! ಎಸಿ ಎಲ್ಲಿ ಅಂತ ಮೊದಲೇ ಹೇಳಿರಲ್ಲ, ಎಲೆಕ್ಟ್ರಿಷಿಯನ್ ಬಂದು ಹೊಸ ಗೋಡೆಗೆ ಕಾಡಿ ಹೊಡೀತಾನೆ. ಒಡಿ! ನಮ್ಮ ಮೇಸ್ತ್ರಿ ನಗ್ತಾ ಹೇಳ್ತಿದ್ದ, "ಸಾರ್, ಕಾಗದದ ಮೇಲೆ ಅಳಿಸೋಕೆ ರಬ್ಬರು ಸಾಕು, ಇಲ್ಲಿ ಅಳಿಸೋಕೆ ಸುತ್ತಿಗೆ ಬೇಕು" ಅಂತ.

ಅದೇ ಮೇಸ್ತ್ರಿ ಪ್ಲಾಸ್ಟರಿಂಗ್ ಮಾಡಿಸುವಾಗ ಗೋಡೆ ಬುಡಕ್ಕೆ ಹಳೇ ತಾಡಪಾಲು ಹಾಸಿಸ್ತಿದ್ದ. ಉದುರಿದ ಗಾರೆ ಮಣ್ಣಿಗೆ ಸೇರದೆ ತಕ್ಷಣ ಮತ್ತೆ ಗೋಡೆಗೇ ಹೋಗ್ತಿತ್ತು. ಗಟ್ಟಿಯಾದ ಮೇಲೆ ಅದಕ್ಕೆ ನೀರು ಹಾಕಿ ಕಲಸೋರನ್ನ ಕಂಡ್ರೆ ಅವನಿಗೆ ಆಗ್ತಿರಲಿಲ್ಲ. ಸಿಮೆಂಟ್ ಮೂಟೆ ನೆಲಕ್ಕೂ ತಾಗಬಾರದು, ಗೋಡೆಗೂ ಒರಗಬಾರದು, ಹಲಗೆ ಮೇಲಿರಬೇಕು, ಮೊದಲು ಬಂದ ಮೂಟೆ ಮೊದಲು ಒಡೀಬೇಕು. ಒಂದು ಮಳೆಗೆ ಗಟ್ಟಿಯಾದ 50 ಕೆಜಿ ಮೂಟೆ ಅಂದ್ರೆ ದುಡ್ಡೂ ಹೋಯ್ತು, ಕಸವೂ ಬಂತು. ಕಂಬಿ ಸಾಮಾನ್ಯವಾಗಿ 12 ಮೀಟರ್ ಉದ್ದ ಬರುತ್ತೆ. ಎಲ್ಲಿಗೆ ಎಷ್ಟುದ್ದ ಅಂತ ಪಟ್ಟಿ ಬರೆದುಕೊಂಡು ಕತ್ತರಿಸಿದ್ರೆ ತುಂಡು ಕಡಿಮೆ. ಅಂದಹಾಗೆ, ಕಂಬಿಯ ಗೇಣುದ್ದದ ತುಂಡು ಸೈಟಿನಲ್ಲಿ ಅನಾಥವಾಗಿ ಬಿದ್ದಿದ್ದನ್ನ ನೋಡಿದ್ದೀರಾ? ಬಿದ್ದಿರಲ್ಲ. ಗುಜರಿಯವನು ಕೆಜಿಗೆ ಇಷ್ಟು ಅಂತ ಕೊಡ್ತಾನೆ. ಇಟ್ಟಿಗೆ ಚೂರಿಗೆ ಯಾರೂ ಕೊಡಲ್ಲ, ಅದಕ್ಕೇ ಅದು ರಾಜಕಾಲುವೆಗೆ ಹೋಗುತ್ತೆ.

ಅದಕ್ಕೂ ಬೆಲೆ ಬರೋ ದಾರಿ ಇದೆ. ದೆಹಲಿಯ ಬುರಾರಿಯಲ್ಲಿ 2009ರಿಂದಲೇ ಇಂಥ ಅವಶೇಷ ಪುಡಿ ಮಾಡಿ ಜಲ್ಲಿ, ಪೇವರ್ ಬ್ಲಾಕ್ ಮಾಡೋ ಘಟಕ ಇದೆ. ನಮ್ಮಲ್ಲಿ ಚಿಕ್ಕಜಾಲದಲ್ಲಿದೆ. ಹಳೇ ಕಾಂಕ್ರೀಟಿನ ಜಲ್ಲಿ ಗಟ್ಟಿ ಇರುತ್ತಾ ಅಂತ ಕೇಳ್ತೀರಿ. ಐಎಸ್ 383 ಅನ್ನೋ ಭಾರತೀಯ ಮಾನಕ 2016ರಲ್ಲೇ ಒಪ್ಪಿದೆ: ಕಂಬಿ ಇಲ್ಲದ ಕಾಂಕ್ರೀಟಿಗೆ 25 ಪರ್ಸೆಂಟ್‌ವರೆಗೆ, ಎಂ25 ಮತ್ತು ಅದಕ್ಕಿಂತ ಕೆಳಗಿನ ಆರ್‌ಸಿಸಿಗೆ 20 ಪರ್ಸೆಂಟ್‌ವರೆಗೆ. ಪಾಯದ ಕೆಳಗೆ ಹಾಕೋ ಬೆಡ್ ಕಾಂಕ್ರೀಟಿನಂಥ ಕೆಳದರ್ಜೆಯ ಕೆಲಸಕ್ಕೆ ಪೂರ್ತಿ ಅದನ್ನೇ ಬಳಸಬಹುದು. ಸರ್ಕಾರಿ ಗುತ್ತಿಗೆಗಳಲ್ಲಿ ಇಂಥ ಸಾಮಗ್ರಿ 10ರಿಂದ 20 ಪರ್ಸೆಂಟ್ ಕಡ್ಡಾಯ ಆಗಬೇಕು ಅಂತ ಅದೇ 2016ರ ನಿಯಮ ಹೇಳಿತ್ತು. ನಿಮ್ಮ ವಾರ್ಡಿನಲ್ಲಿ ಮೊನ್ನೆ ಹಾಕಿದ ಫುಟ್‌ಪಾತಿನಲ್ಲಿ ಎಷ್ಟು ಪರ್ಸೆಂಟ್ ಇದೆ? ಎಂಜಿನಿಯರನ್ನ ಕೇಳಿ, ಏನಂತಾರೆ ನೋಡಿ.

ಕಳೆದ ವಾರ ನಮ್ಮ ಬೀದಿಯಲ್ಲಿ ಇನ್ನೊಂದು ಹಳೇ ಮನೆ ಬಿತ್ತು. ಟ್ರ್ಯಾಕ್ಟರ್ ನಿಂತಿತ್ತು. ಈ ಸಲ ನಾನೇ ಹೋಗಿ ಕೇಳಿದೆ. "ಯಾಕ್ ಸಾರ್, ಟಿವೀಲಿ ಹಾಕ್ತೀರಾ?" ಅಂತ ನಕ್ಕ ಡ್ರೈವರ್. ಆಮೇಲೆ ನಿಜ ಹೇಳಿದ. "ಫ್ಯಾಕ್ಟ್ರಿವರ್ಗೂ ಹೋದ್ರೆ ರಾತ್ರಿಗೆ ಎರಡು ಟ್ರಿಪ್ ಆಗುತ್ತೆ ಸಾರ್, ಇಲ್ಲೇ ಹತ್ರ ಹಾಕಿದ್ರೆ ಆರು. ಡೀಸೆಲ್ ಯಾರು ಕೊಡ್ತಾರೆ?" ತಪ್ಪೇನಿದೆ ಅವನ ಮಾತಲ್ಲಿ? ಮನೆ ಮಾಲೀಕರೂ ಅಲ್ಲೇ ಇದ್ರು. ಒಂದು ಕೋಟಿ ಮೇಲೆ ಖರ್ಚು ಮಾಡಿ ಮನೆ ಕಟ್ಟಿಸ್ತಿರೋರು. ಅವರ ಮುಖ ನೋಡಿದೆ. ಸ್ವಲ್ಪ ಹೊತ್ತು ಸುಮ್ನಿದ್ರು. ಆಮೇಲೆ, "ಲೋಡಿಗೆ ಎಷ್ಟು ಜಾಸ್ತಿ ಆಗುತ್ತೆ, ಲೆಕ್ಕ ಹಾಕಿ ಹೇಳಪ್ಪಾ" ಅಂದ್ರು.

ಬೆಳಗ್ಗೆ ಬಂದು ಹೇಳ್ತೀನಿ ಅಂದಿದ್ದಾನೆ.